ಇಪ್ಪತ್ತು ಹೆಜ್ಜೆ ಹಿಂದೆ

ಹರಳೆಣ್ಣೆ ಸೋಸುತ್ತ ಮುನಿರತ್ನಮ್ಮ ಏನೋ ಗುನುಗುತ್ತಿದ್ದಾಳೆ ಎನ್ನುವುದು ಆಂಜಿನಪ್ಪನ ಕಿವಿಗೆ ಬಿದ್ದಾಗ ಅವನು ಮುಖ ತೊಳೆದು ಒರೆಸಿಕೊಳ್ಳುತ್ತಿದ್ದ. ಟವಲನ್ನು ಮುಖದ ಮೇಲೇ ಹಿಡಿದುಕೊಂಡು ಕೇಳುತ್ತ ನಿಂತ. ಇಂಥದೇ ಹಾಡೆಂದು ಹೇಳುವಂತಿರಲಿಲ್ಲ. ಕೆಲಸ ಕೈಗೆ ಹಗುರವಾದಾಗ ಗಂಟಲಿನಿಂದ ತಾನಾಗಿ ಹೊರಡುವ ಸದ್ದು, ಅಷ್ಟೆ. ಆದರೆ ಐದು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಇದೇ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು, ಅವನ ಹಳೇ ಪಂಚೆಯ ತುಂಡನ್ನು ಮೂರು ಮಡಿಕೆ ಮಾಡಿ, ಅನುಗೊಂಡನಹಳ್ಳಿಯ ತವರಿನಿಂದ ತರಿಸಿದ ಎಣ್ಣೆಯನ್ನು ಅವಳು ಸೋಸಿ ಕೊಟ್ಟಿದ್ದಳು. ಅವನು ಅದಕ್ಕೆ ಸ್ಪಿರಿಟ್ಟು ಬೆರೆಸಿ ತನ್ನ ಹೆಲಿಕಾಪ್ಟರಿನ ಪುಟ್ಟ ಟ್ಯಾಂಕಿಗೆ ತುಂಬಿದ್ದ. ಆ ಐದು ವರ್ಷದಲ್ಲಿ ಒಂದು ದಿನವೂ ಗುನುಗಿದವಳಲ್ಲ. ಹೆಲಿಕಾಪ್ಟರಿನ ಜಾಗಕ್ಕೆ ವಿಮಾನ ಬಂದು ಇನ್ನೂ ಎರಡು ತಿಂಗಳಾಗಿಲ್ಲ, ಎಣ್ಣೆಗೆ ಹಾಡು ಬಂದುಬಿಟ್ಟಿತ್ತು. ಕಾಫಿ ಕುಡಿಯುವ ಮೊದಲೇ ಆಂಜಿನಪ್ಪನಿಗೆ ಆ ಗುನುಗು ಸಹಿಸದಾಯಿತು. ಯಾಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೊಟ್ಟೆಕಿಚ್ಚು. ನಲವತ್ತು ದಾಟಿದ, ವಿಮಾನ ಕಾರ್ಖಾನೆಯ ಟೂಲ್ ರೂಮಿನಲ್ಲಿ ಹದಿನೆಂಟು ವರ್ಷ ಸರ್ವೀಸಾದ ಗಂಡಸಿಗೆ, ಮೊಳದುದ್ದದ ಆಟದ ಸಾಮಾನಿನ ವಿಷಯದಲ್ಲಿ ಹೊಟ್ಟೆಕಿಚ್ಚು.

"ಆದಿ ಎಷ್ಟೊತ್ತಿಗೆ ಬರ್ತಾನಂತೆ?" ಎಂದು ಅವಳು ಸೀಸೆಯಿಂದ ಕಣ್ಣೆತ್ತದೆ ಕೇಳಿದಳು.

"ಬರ್ತಾನೆ. ಅವನೆಲ್ಲಿ ಬರದೆ ಇರ್ತಾನೆ."

"ಯಾಕೆ ಹಂಗಂತೀಯ? ಹೊಸಕೋಟೆಯಿಂದ ಸೈಕಲ್ ತುಳ್ಕೊಂಡು ಬರ್ಬೇಕು, ಪಾಪ."

ಆ 'ಪಾಪ' ಎನ್ನುವ ಮಾತನ್ನು ಅವನು ಟವಲಿನ ಜೊತೆ ಒಳಗೆ ಒಯ್ದ. ತಾನು ದಿನಾ ಬೆಳಿಗ್ಗೆ ಐದಕ್ಕೆ ಎದ್ದು, ಜಡಿಗೇನಹಳ್ಳಿಯಿಂದ ಹೊಸಕೋಟೆ ಕ್ರಾಸಿನವರೆಗೆ ಅದೇ ದಾರಿಯಲ್ಲಿ ಸೈಕಲ್ ತುಳಿದು ಕಾರ್ಖಾನೆಯ ಬಸ್ಸು ಹಿಡಿಯುವವನು; ತನಗೆ ಯಾರಾದರೂ ಎಂದಾದರೂ ಪಾಪ ಎಂದದ್ದುಂಟೆ? ಬೇರೆ ತರದ ಅನುಮಾನವೇನೂ ಅವನಿಗಿರಲಿಲ್ಲ. ಇದ್ದಿದ್ದರೆ ಸುಲಭವಿತ್ತು. ಕೂಗಾಡಬಹುದಿತ್ತು, ನಾಲ್ಕು ದಿನ ಊಟ ಬಿಡಬಹುದಿತ್ತು, ಇಬ್ಬರ ಕಡೆಯ ಹಿರಿಯರೂ ಸೇರಿ ಸಮಾಧಾನ ಮಾಡುತ್ತಿದ್ದರು. ಹೆಂಡತಿ ಗುನುಗುತ್ತಾಳೆ ಎಂದು ಯಾವ ಹಿರಿಯರ ಹತ್ತಿರ ಹೋಗಿ ಹೇಳುವುದು?

ನಡುಮನೆಯಲ್ಲಿ ವಿಮಾನ ಚಾಪೆಯ ಮೇಲೆ ಮಲಗಿತ್ತು. ಬೂರುಗದ ಕಟ್ಟಿಗೆಯ ಎಲುಬು, ಮೇಲೆ ತೆಳ್ಳನೆಯ ರೇಷ್ಮೆ, ರೇಷ್ಮೆಗೆ ಹಳದಿ ಬಣ್ಣ. ಆ ರೇಷ್ಮೆಯನ್ನು ರೆಕ್ಕೆಯ ಮೇಲೆ ಎಳೆದು ಅಂಟಿಸಿದ ದಿನ ಆ ತುದಿಯಲ್ಲಿ ಅದನ್ನು ಕಟ್ಟಿಕೊಟ್ಟ ಆದಿನಾರಾಯಣಪ್ಪ, ಈ ತುದಿಯಲ್ಲಿ ಮುನಿರತ್ನಮ್ಮ, ಇಬ್ಬರೂ ಮಂಡಿಯೂರಿ ಕೂತಿದ್ದರು. "ಅಕ್ಕ, ಇನ್ನೊಂಚೂರು ಎಳೀರಿ, ಸುಕ್ಕಿರಬಾರ್ದು" ಎಂದು ಅವನು, "ಹರಿದೋದ್ರೆ ನನ್ನ ಕೇಳ್ಬೇಡ" ಎಂದು ಅವಳು. ಆಂಜಿನಪ್ಪ ಬಾಗಿಲಲ್ಲಿ ನಿಂತು ಅಂಟಿನ ಡಬ್ಬಿ ಹಿಡಿದುಕೊಂಡಿದ್ದ. ಅವನ ಹೆಲಿಕಾಪ್ಟರನ್ನು ಅವಳು ಒಮ್ಮೆಯೂ ಮುಟ್ಟಿರಲಿಲ್ಲ. ಮುಟ್ಟಲು ಅವನು ಬಿಟ್ಟಿರಲಿಲ್ಲ ಎನ್ನುವುದು ನಿಜವೇ. ಆದರೆ ಬೇಕಾಗಿದ್ದರೆ ಕೇಳಬಹುದಿತ್ತಲ್ಲ?

ಆ ಹೆಲಿಕಾಪ್ಟರು ಎಪ್ಪತ್ತಮೂರರಲ್ಲಿ ಅವನ ಪಾಲಿಗೆ ಬಂದದ್ದು. ಕಾರ್ಖಾನೆಗೆ ಮೆಷಿನ್ ಕೂರಿಸಲು ಬಂದಿದ್ದ ಜರ್ಮನಿಯ ಎಂಜಿನಿಯರೊಬ್ಬ, ತಾನು ಆಡಲೆಂದು ತಂದು ಎರಡು ಸಲ ಬೀಳಿಸಿಕೊಂಡಿದ್ದನ್ನು ನೆಲದಲ್ಲಿ ನಿಂತೇ ಅದನ್ನು ಆಡಿಸುವ ರೇಡಿಯೋ ಪೆಟ್ಟಿಗೆ ಸಮೇತ ಇವನ ಕೈಗಿಟ್ಟು, ಬೆನ್ನು ತಟ್ಟಿ ಹೋಗಿಬಿಟ್ಟ. ಹೇಳಿಕೊಡಲು ಯಾರೂ ಇರಲಿಲ್ಲ. ಮೂರು ತಿಂಗಳ ಭಾನುವಾರಗಳನ್ನು ಕೆರೆಯಂಗಳದಲ್ಲಿ ಕಳೆದು, ಹನ್ನೊಂದು ರೆಕ್ಕೆಪಟ್ಟಿ ಮುರಿದು ಹನ್ನೊಂದನ್ನೂ ತಾನೇ ಕೆತ್ತಿಕೊಂಡು, ಅವನು ಅದನ್ನು ಆಳೆತ್ತರದಲ್ಲಿ ಗಾಳಿಯಲ್ಲಿ ನಿಲ್ಲಿಸುವುದನ್ನು ಕಲಿತ. ಹಾರಿಸುವುದು ಯಾರಿಗಾದರೂ ಬಂದೀತು, ಗಾಳಿಪಟವನ್ನು ಹುಡುಗರೂ ಹಾರಿಸುತ್ತಾರೆ. ವಿದ್ಯೆ ಇದ್ದದ್ದು ನಿಲ್ಲಿಸುವುದರಲ್ಲಿ. ಅದರ ಬಾಲ ಯಾವಾಗಲೂ ತನ್ನ ಕಡೆಗಿರಬೇಕು, ಮೂತಿ ಆಚೆಗೆ. ಆಗ ಅದರ ಎಡ ಇವನ ಎಡ, ಅದರ ಬಲ ಇವನ ಬಲ. ಅದು ಮುಂದೆ ಹೋದರೆ ಇವನೂ ಹಿಂದೆಯೇ ನಡೆಯುತ್ತಿದ್ದ, ಎತ್ತಿನ ಹಿಂದೆ ನೇಗಿಲು ಹಿಡಿದವನ ಹಾಗೆ. ಜೋರು ಹೆಚ್ಚಾಯಿತೆನಿಸಿದರೆ ಪೆಟ್ಟಿಗೆಯ ಕಡ್ಡಿಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದರೆ ಸಾಕು, ಮೂತಿ ಎತ್ತಿ ಹಾಗೇ ನಿಂತುಬಿಡುತ್ತಿತ್ತು. ಊರವರು ಬರತೊಡಗಿದರು. ರೆಕ್ಕೆ ಯಾರ ಕತ್ತಾದರೂ ಕೊಯ್ದೀತೆಂದು ಅವನು ನೆಲದಲ್ಲಿ ಕಾಲಿನಿಂದ ಗೆರೆ ಎಳೆದು, ಎಲ್ಲರೂ ಇಪ್ಪತ್ತು ಹೆಜ್ಜೆ ಹಿಂದೆ ನಿಲ್ಲಬೇಕೆಂದು ಕಟ್ಟಪ್ಪಣೆ ಮಾಡಿದ. ಮುನಿರತ್ನಮ್ಮನೂ ಆ ಗೆರೆಯ ಹಿಂದೆಯೇ, ಸೆರಗು ಹೆಗಲಿಗೆ ಹೊದ್ದುಕೊಂಡು, ಎಣ್ಣೆ ಸೀಸೆ ಹಿಡಿದುಕೊಂಡು. ಊರಲ್ಲಿ ಅವನಿಗೆ ಹೆಲಿಕಾಪ್ಟ್ರು ಆಂಜಿನಪ್ಪ ಎಂದು ಹೆಸರಾಯಿತು. ಕಾರ್ಖಾನೆಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಬಿಟ್ಟುಕೊಡುತ್ತಿದ್ದರು.

ಆದಿನಾರಾಯಣಪ್ಪ ಮೊದಲು ಬಂದದ್ದು ಆ ದಿನಗಳಲ್ಲೇ. ಡ್ರಾಯಿಂಗ್ ಆಫೀಸಿಗೆ ಹೊಸದಾಗಿ ಸೇರಿದ್ದ, ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು, ಶರ್ಟಿನ ಜೇಬಿನಲ್ಲಿ ಮೂರು ಪೆನ್ಸಿಲು. ನಾಲ್ಕು ಭಾನುವಾರ ಗೆರೆಯ ಹಿಂದೆ ನಿಂತು ನೋಡಿ, ಐದನೆಯ ಭಾನುವಾರ, "ಅಣ್ಣ, ಒಂದ್ಸಲ ನಾನು ಹಿಡ್ಕೊಳ್ಲಾ?" ಎಂದ. ಆಂಜಿನಪ್ಪ ದೊಡ್ಡ ಮನಸ್ಸು ಮಾಡಿ ಪೆಟ್ಟಿಗೆಯನ್ನು ಅವನ ಕೈಗೆ ಕೊಟ್ಟ. ಹತ್ತು ಸೆಕೆಂಡು. ಆ ಹತ್ತು ಸೆಕೆಂಡನ್ನು ಆಂಜಿನಪ್ಪ ಇವತ್ತಿಗೂ ಮರೆಯುವಂತಿಲ್ಲ. ಹೆಲಿಕಾಪ್ಟರು ಅಲ್ಲಾಡಲಿಲ್ಲ. ತನಗೆ ಮೂರು ತಿಂಗಳು ಹಿಡಿದದ್ದು, ಮೊಳೆಗೆ ನೇತುಹಾಕಿದ ಹಾಗೆ ಗಾಳಿಯಲ್ಲಿ ನಿಂತಿತು. ಅವನ ಹೆಬ್ಬೆರಳುಗಳು ಅಲುಗುತ್ತಿವೆಯೋ ಇಲ್ಲವೋ ಎನ್ನುವಷ್ಟು ನಯವಾಗಿ ಅಲುಗುತ್ತಿದ್ದವು. ಆಂಜಿನಪ್ಪ ಪೆಟ್ಟಿಗೆಯನ್ನು ಕಿತ್ತುಕೊಂಡ. "ನಿನ್ನ ಕೈ ನಡುಗ್ತೈತೆ ಕಣೋ. ಇದು ನಿನಗಾಗೋದಲ್ಲ" ಎಂದ. ಆ ಹುಡುಗ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡ. ನಂಬಿದ. ಅವನು ನಂಬಿದ್ದೇ ಆಂಜಿನಪ್ಪನಿಗೆ ಆಮೇಲೆ ಹೆಚ್ಚು ಚುಚ್ಚಿದ್ದು. ಹೆಲಿಕಾಪ್ಟರು ತನಗಾಗದೆಂದು ಅವನು ವಿಮಾನ ಕಟ್ಟಲು ಹೋದ. ಬೂರುಗದ ಮರ ತಂದ, ಪುಸ್ತಕ ತರಿಸಿದ, ಯಾರಿಂದಲೋ ರೇಡಿಯೋ ಸಂಪಾದಿಸಿದ. ಈಗ ಅವನ ವಿಮಾನ ಆಕಾಶದಲ್ಲಿ ಲಾಗ ಹಾಕುತ್ತದೆ, ತಲೆಕೆಳಗಾಗಿ ಕೆರೆ ದಾಟುತ್ತದೆ, ಊರು ಅದನ್ನು ನೋಡಲು ಹೋಗುತ್ತದೆ. ಆ ಸುಳ್ಳೊಂದನ್ನು ಹೇಳದೆ ಇದ್ದಿದ್ದರೆ ಅವನು ಇವತ್ತಿಗೂ ತನ್ನ ಹೆಲಿಕಾಪ್ಟರಿನ ಪೆಟ್ಟಿಗೆ ಹೊತ್ತುಕೊಂಡು ಓಡಾಡುತ್ತಿದ್ದನೇನೋ ಎಂದು ಆಂಜಿನಪ್ಪ ಬಸ್ಸಿನಲ್ಲಿ ಎಷ್ಟೋ ಸಲ ಲೆಕ್ಕ ಹಾಕಿದ್ದಾನೆ.

ಹೆಲಿಕಾಪ್ಟರು ಈ ಸಲದ ಸಂಕ್ರಾಂತಿಯ ಮಾರನೆಯ ದಿನ ಬಿತ್ತು. ಒಳಗಿನ ಹಲ್ಲಿನ ಚಕ್ರ ಸವೆದು ಹೋಗಿತ್ತು. ಅಂಥದನ್ನು ತಾನೇ ಮೂರು ಸಲ ಲೇತಿನಲ್ಲಿ ಕಡೆದು ಹಾಕಿ ನೋಡಿದ. ಮೂರು ಸಲವೂ ತಿಂದು ಹಾಕಿತು. ಜರ್ಮನಿಗೆ ಬರೆದ ಕಾಗದಕ್ಕೆ ಉತ್ತರ ಬರಲಿಲ್ಲ. ಒಂದು ಸಂಜೆ ಆದಿನಾರಾಯಣಪ್ಪನೇ ಮನೆಗೆ ಬಂದು, ಕಾಫಿ ಲೋಟ ಕೆಳಗಿಟ್ಟು, "ಅಣ್ಣ, ಎಂಜಿನ್ನು ಚೆನ್ನಾಗೈತೆ, ರೇಡಿಯೋ ಚೆನ್ನಾಗೈತೆ. ಯಾಕೆ ಕೊಳೆಹಾಕೋದು? ವಿಮಾನ ಕಟ್ಟಿ ಅದಕ್ಕಾಕೋಣ. ನಾನು ಹೇಳ್ಕೊಡ್ತೀನಿ" ಎಂದ. ನಾನು ಹೇಳ್ಕೊಡ್ತೀನಿ. ಗುರುವಿಗೇ ತಿರುಮಂತ್ರ. ಆಂಜಿನಪ್ಪ ಬೇಡವೆನ್ನಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಮುನಿರತ್ನಮ್ಮ, "ಕಟ್ರಪ್ಪ, ಮನೇಲಿ ಸುಮ್ನೆ ಮುಖ ಊದಿಸ್ಕೊಂಡು ಕೂತವ್ನೆ" ಎಂದಳು. ಇಬ್ಬರೂ ನಕ್ಕರು. ಬೇಡವೆನ್ನಲು ಆಗಲಿಲ್ಲ.

ಎಣ್ಣೆಗೆ ಹಾಡು ಬಂದ ಆ ಭಾನುವಾರ ಕೆರೆಯಂಗಳ ಬಿರುಕು ಬಿಟ್ಟಿತ್ತು. ಏರಿಯ ಬುಡದಲ್ಲಿ ಮಾತ್ರ ಒಂದಿಷ್ಟು ನೀರು, ನೀರಿನ ಪಕ್ಕ ಅಪ್ಪಯ್ಯಣ್ಣನ ಕುರಿಗಳು. ಊರಿನ ಹಿರಿಯ, ಹಲ್ಲಿಲ್ಲದ ಬಾಯಿಯ ಅಪ್ಪಯ್ಯಣ್ಣ ಕೋಲಿನ ಮೇಲೆ ಗಲ್ಲ ಊರಿಕೊಂಡು, "ಏನಪ್ಪಾ ಹೆಲಿಕಾಪ್ಟ್ರು, ಇವತ್ತು ನೀನೊಬ್ನೇ ಬಿಡ್ತೀಯಂತೆ? ಮೇಷ್ಟ್ರು ಪಾಸ್ ಮಾಡಿದ್ರಾ?" ಎಂದ. ಮೇಷ್ಟ್ರು ಎಂದರೆ ಆದಿನಾರಾಯಣಪ್ಪ. ಸೈಕಲ್ಲಿನಿಂದ ಇಳಿದು ಬೆವರು ಒರೆಸಿಕೊಳ್ಳುತ್ತಿದ್ದ ಅವನು ನಾಚಿಕೊಂಡು, "ಏನಜ್ಜ, ಅಣ್ಣನ ಮುಂದೆ ನಾವೆಲ್ಲ ಏನು" ಎಂದ. ಆ ವಿನಯವನ್ನು ಕಂಡರೆ ಆಂಜಿನಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಒಂದಿಷ್ಟು ಸೊಕ್ಕಾದರೂ ಇದ್ದಿದ್ದರೆ ದ್ವೇಷಿಸಲು ಒಂದು ಹಿಡಿಕೆ ಸಿಗುತ್ತಿತ್ತು. ಏಳು ಭಾನುವಾರ ಪಕ್ಕದಲ್ಲಿ ನಿಂತು ಇವನು ತಪ್ಪಿದಾಗಲೆಲ್ಲ ಪೆಟ್ಟಿಗೆ ಇಸಿದುಕೊಂಡು ವಿಮಾನವನ್ನು ನೆಟ್ಟಗೆ ಮಾಡಿ ಕೊಟ್ಟಿದ್ದ. ಒಂದು ಸಲವೂ ದನಿ ಏರಿಸಿರಲಿಲ್ಲ.

ತಪ್ಪು ಒಂದೇ, ಏಳು ಭಾನುವಾರವೂ ಅದೇ. ವಿಮಾನ ಆಚೆ ಹೋಗುವಾಗ ಎಲ್ಲ ಸರಿ, ಬಾಲ ಇವನ ಕಡೆಗಿರುತ್ತದೆ. ಆದರೆ ಅದು ತಿರುಗಿ ಬರಬೇಕಲ್ಲ? ತಿರುಗಿ ಬರುವಾಗ ಮೂತಿ ಇವನ ಕಡೆಗೆ. ಆಗ ಅದರ ಎಡ ಇವನ ಬಲ. ಐದು ವರ್ಷ ಬಾಲದ ಹಿಂದೆಯೇ ನಡೆದವನ ಬೆರಳುಗಳು ಎಡ ಬೇಕಾದಲ್ಲಿ ಬಲಕ್ಕೆ ಹೋಗುತ್ತಿದ್ದವು. ಬುದ್ಧಿ ಕೂಗುತ್ತಿತ್ತು, ಬೆರಳು ಕೇಳುತ್ತಿರಲಿಲ್ಲ. ಅದಕ್ಕೆ ಆದಿನಾರಾಯಣಪ್ಪ ಒಂದು ಉಪಾಯ ಹೇಳಿಕೊಟ್ಟಿದ್ದ: "ಅಣ್ಣ, ಅದು ನಿಮ್ಮ ಕಡೆ ಬರ್ತಾ ಇದ್ರೆ ನೀವೂ ಅದು ಹೋಗೋ ದಿಕ್ಕಿಗೇ ತಿರುಗಿಬಿಡಿ. ಅದಕ್ಕೆ ಬೆನ್ನು ಕೊಟ್ಟು, ಹೆಗಲ ಮೇಲಿಂದ ಕತ್ತು ತಿರುಗಿಸಿ ನೋಡಿ. ಆವಾಗ ಎಡ ಎಡಾನೇ." ಕಲಿಯುವ ಹುಡುಗರಿಗೆ ಹೇಳುವ ಉಪಾಯವಂತೆ, ಪುಸ್ತಕದಲ್ಲಿತ್ತಂತೆ. ಊರವರೆದುರು, ತನ್ನದೇ ವಿಮಾನಕ್ಕೆ ಬೆನ್ನು ತಿರುಗಿಸಿ, ಮದುವೆ ಹೆಣ್ಣಿನ ಹಾಗೆ ಓರೆಗಣ್ಣಲ್ಲಿ ನೋಡುತ್ತ ನಿಲ್ಲುವುದು. ಆದರೆ ಕೆಲಸ ಮಾಡುತ್ತಿತ್ತು.

"ಎಂಜಿನ್ನು ಒಂದೇ ಇರೋದು ಅಣ್ಣ, ಹುಷಾರು. ಇನ್ನೊಂದು ಮಾತು. ಏನೇ ಆಗ್ಲಿ ನಿಲ್ಲಿಸೋಕೆ ಮಾತ್ರ ಹೋಗ್ಬೇಡಿ. ಹೆಲಿಕಾಪ್ಟ್ರು ನಿಂತ್ರೆ ನಿಲ್ತೈತೆ. ಇದು ಓಡ್ತಾ ಇದ್ರೇನೇ ಬದುಕೋದು" ಎಂದು ಆದಿನಾರಾಯಣಪ್ಪ ಎಂಜಿನ್ನು ಶುರು ಮಾಡಿದ. ಸುಟ್ಟ ಹರಳೆಣ್ಣೆಯ ವಾಸನೆ ಎದ್ದಿತು. ಆ ವಾಸನೆಗೆ ಆಂಜಿನಪ್ಪನ ಮೈ ತಾನಾಗಿ ನೆಟ್ಟಗಾಯಿತು, ಒಂದು ಕ್ಷಣ ಎಲ್ಲ ಹಿಂದಿನಂತೆಯೇ ಇದೆ ಎನಿಸಿತು. ಆಗ ಮುನಿರತ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. ವಿಮಾನ ಎಸೆಯುವುದು ಅವಳ ಕೆಲಸವಾಗಿ ಐದು ವಾರವಾಗಿತ್ತು. ಬಿರುಕು ನೆಲದಲ್ಲಿ ಅದರ ಚಕ್ರ ಓಡುತ್ತಿರಲಿಲ್ಲ, ಕೈಯಿಂದಲೇ ಎಸೆಯಬೇಕು. "ಅಕ್ಕನ ಕೈ ಚೆನ್ನಾಗೈತೆ" ಎಂದು ಆದಿನಾರಾಯಣಪ್ಪನೇ ಆ ಕೆಲಸ ಕೊಟ್ಟಿದ್ದ. ಅವಳು ವಿಮಾನವನ್ನು ತಲೆಯ ಮೇಲೆತ್ತಿ ಹಿಡಿದು, ಬಡಗಣ ಗಾಳಿಗೆ ಎದುರಾಗಿ ಏಳೆಂಟು ಹೆಜ್ಜೆ ಓಡಿ, ಬಿಟ್ಟಳು. ಬಿಟ್ಟ ಮೇಲೂ ಎರಡು ಹೆಜ್ಜೆ ಓಡಿದಳು. ಮೂವತ್ತಾರು ವರ್ಷದ ಹೆಂಗಸು, ಕಾಲ್ಗೆಜ್ಜೆ ಬಿಟ್ಟು ಎಷ್ಟೋ ಕಾಲವಾಗಿದೆ, ಕೆರೆಯ ಮಧ್ಯೆ ಬಾಯಿ ತೆರೆದು ನಗುತ್ತ ಓಡಿದಳು. ಆಂಜಿನಪ್ಪನ ಐದು ವರ್ಷದ ವಿದ್ಯೆ ಆ ಮುಖದಿಂದ ಹೊರಡಿಸಲಾರದೆ ಹೋದ ನಗು ಅದು. ವಿಮಾನ ಏರಿತು. ಅವನು ಪೆಟ್ಟಿಗೆಯ ಕಡ್ಡಿಗೆ ಹೆಬ್ಬೆರಳು ಹಚ್ಚಿದ.

ಮೊದಲ ಸುತ್ತು ಚೆನ್ನಾಗಾಯಿತು. ಜಾಲಿ ಮರಗಳ ಮೇಲೆ ಎಡಕ್ಕೆ ತಿರುಗಿಸಿ, ಅದು ತನ್ನ ಕಡೆಗೆ ಮೂತಿ ಮಾಡುತ್ತಿದ್ದ ಹಾಗೇ ಅವನು ಬೆನ್ನು ಕೊಟ್ಟು ತಿರುಗಿ, ಹೆಗಲ ಮೇಲಿಂದ ಅದನ್ನೇ ನೋಡಿದ. ಎಡ ಎಡವೇ ಆಯಿತು. ತಲೆಯ ಮೇಲೆ ಹಾದು ಏರಿಯ ಕಡೆ ಹೋಗಿ ಮತ್ತೆ ತಿರುಗಿತು. "ಶಭಾಷ್ ಅಣ್ಣ!" ಎಂದು ಆದಿನಾರಾಯಣಪ್ಪ ಕೂಗಿದ. ಅಪ್ಪಯ್ಯಣ್ಣ ಕೋಲಿನಿಂದ ಗಲ್ಲ ಎತ್ತಿದ್ದ. ಇನ್ನೊಂದು ಸುತ್ತು, ಆಮೇಲೆ ಇಳಿಸುವುದು, ಆಮೇಲೆ ಮನೆಗೆ ಹೋಗಿ ಮುದ್ದೆ ಉಣ್ಣುವುದು. ನಾಳೆ ಬಸ್ಸಿನಲ್ಲಿ ಯಾರಾದರೂ ಕೇಳಿದರೆ, ಏನಿಲ್ಲ, ಸ್ವಲ್ಪ ಪ್ಲೇನು ಬಿಟ್ಟೆ ಎನ್ನಬಹುದು. ಎರಡನೆಯ ಸುತ್ತಿಗೆ ವಿಮಾನ ಬಡಗಲಿಂದ ತಿರುಗಿ ಬರತೊಡಗಿದಾಗ ಅವನು ಮತ್ತೆ ಬೆನ್ನು ಕೊಟ್ಟು ತಿರುಗಿದ. ಹೆಗಲ ಮೇಲಿಂದ ನೋಡಬೇಕಿತ್ತು. ಆದರೆ ಎದುರಿಗೆ, ಇಪ್ಪತ್ತು ಹೆಜ್ಜೆಯಲ್ಲಿ, ಅವರಿಬ್ಬರೂ ನಿಂತಿದ್ದರು. ಮುನಿರತ್ನಮ್ಮ ಏನೋ ಹೇಳುತ್ತಿದ್ದಳು, ಎಂಜಿನ್ನಿನ ಸದ್ದಿನಲ್ಲಿ ಕೇಳಲೆಂದು ಆದಿನಾರಾಯಣಪ್ಪ ಕಿವಿ ಬಗ್ಗಿಸಿದ್ದ. ಅವಳು ತನ್ನ ಎಡಗಡೆಯ ಹೆಗಲನ್ನು ಒಮ್ಮೆ ಮೇಲೆತ್ತಿ ತೋರಿಸಿದಳು. ಅವನು ನಕ್ಕ. ಅವಳೂ ನಕ್ಕಳು. ಇಬ್ಬರೂ ಇವನ ಕಡೆಗೇ ನೋಡುತ್ತ ನಕ್ಕರು.

ನಿಲ್ಲಬೇಕು ಎನಿಸಿತು. ಏನು ನಿಲ್ಲಬೇಕೆಂದು ಅವನಿಗೆ ತಿಳಿಯಲಿಲ್ಲ. ನಗುವೋ, ಮಾತೋ, ಬಗ್ಗಿದ ಆ ಕಿವಿಯೋ. ಎಲ್ಲವೂ ಇದ್ದಲ್ಲೇ ಒಂದು ಗಳಿಗೆ ನಿಲ್ಲಬೇಕು, ತಾನು ನೋಡಿ ತಿಳಿದುಕೊಳ್ಳುವವರೆಗೆ. ಹೆಬ್ಬೆರಳು ಕಡ್ಡಿಯನ್ನು ಮೆಲ್ಲಗೆ, ಐದು ವರ್ಷದ ನಯದಲ್ಲಿ, ತನ್ನ ಕಡೆಗೆ ಎಳೆಯಿತು. ಹಿಂದೆ ಆಕಾಶದಲ್ಲಿ ಎಂಜಿನ್ನಿನ ದನಿ ಬದಲಾಯಿತು. ಮುನಿರತ್ನಮ್ಮನ ನಗು ಅರ್ಧಕ್ಕೆ ನಿಂತು ಅವಳ ಕಣ್ಣು ಮೇಲಕ್ಕೆ ಹೋದದ್ದನ್ನು ನೋಡಿ ಅವನು ಕತ್ತು ತಿರುಗಿಸಿದ. ವಿಮಾನ ಮೂತಿ ಮೇಲೆ ಮಾಡಿ ನಿಂತಿತ್ತು. ನಿಜವಾಗಿ ನಿಂತಿತ್ತು, ಹೆಲಿಕಾಪ್ಟರಿನಷ್ಟೇ ಚೆನ್ನಾಗಿ, ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಒಂದು ರೆಕ್ಕೆಯ ಮೇಲೆ ವಾಲಿ ಕಲ್ಲಿನ ಹಾಗೆ ಬಿತ್ತು. ಕುರಿಗಳು ಚೆದುರಿದವು.

ಆದಿನಾರಾಯಣಪ್ಪನೇ ಮೊದಲು ಓಡಿದ. ಆಂಜಿನಪ್ಪ ಪೆಟ್ಟಿಗೆ ಕೊರಳಿಗೆ ಹಾಕಿಕೊಂಡೇ ನಡೆದು ಹೋದ. ಒಂದು ರೆಕ್ಕೆ ನುಚ್ಚಾಗಿತ್ತು, ಹಳದಿ ರೇಷ್ಮೆ ಹರಿದು ಬೂರುಗದ ಎಲುಬು ಕಾಣುತ್ತಿತ್ತು. "ಎಂಜಿನ್ನಿಗೆ ಏನೂ ಆಗಿಲ್ಲ ಅಣ್ಣ, ಮಣ್ಣು ತುಂಬ್ಕೊಂಡೈತೆ ಅಷ್ಟೇ. ರೆಕ್ಕೆ ಕಟ್ಟೋದು ಹದಿನೈದು ದಿನದ ಕೆಲ್ಸ" ಎಂದು ಅವನು ಮಂಡಿಯೂರಿ ಚೂರುಗಳನ್ನು ಆರಿಸತೊಡಗಿದ. ಮೂತಿಯ ಮಣ್ಣನ್ನು ಮೆಲ್ಲಗೆ ಬಿಡಿಸಿ ತೆಗೆಯುತ್ತಿದ್ದ ಆ ಕೈಗಳನ್ನು ಆಂಜಿನಪ್ಪ ನೋಡಿದ. ನಡುಗುತ್ತಿರಲಿಲ್ಲ. ಯಾವತ್ತೂ ನಡುಗಿರಲಿಲ್ಲ.

"ಅಲ್ಲಿ ನಿಂತ್ಕೊಂಡು ಏನು ನಗ್ತಿದ್ರಿ?" ಎಂಬ ಮಾತು ತಾನು ಬೇಡವೆಂದರೂ ಅವನ ಬಾಯಿಂದ ಬಂತು.

"ಅಯ್ಯೋ, ಅಕ್ಕ ನಿಮ್ಮ ವಿಷ್ಯಾನೇ ಹೇಳ್ತಿದ್ರು" ಎಂದ ಆದಿನಾರಾಯಣಪ್ಪ, ತಲೆ ಎತ್ತದೆ. "ಹೆಲಿಕಾಪ್ಟ್ರು ಇಳಿಸೋಕೆ ಮುಂಚೆ ನಿಮ್ಮ ಎಡಗಡೆ ಹೆಗಲು ಏಳ್ತೈತಂತೆ. ಐದು ವರ್ಷದಲ್ಲಿ ಒಂದ್ಸಲಾನೂ ತಪ್ಪಿಲ್ವಂತೆ. ಈಗ ಪ್ಲೇನಿಗೂ ಹಂಗೇ ಎದ್ದಿದೆ ನೋಡು, ಇನ್ನೇನು ಇಳಿಸ್ತಾನೆ ಅಂದ್ರು. ಅದಕ್ಕೇ ನಗು ಬಂತು."

ಮುನಿರತ್ನಮ್ಮ ಬಂದು ಮುರಿಯದ ರೆಕ್ಕೆಯನ್ನು ಕಂಕುಳಲ್ಲಿ ಇಟ್ಟುಕೊಂಡಳು. ಆದಿನಾರಾಯಣಪ್ಪ ಎಂಜಿನ್ನನ್ನು ಬಟ್ಟೆಯಲ್ಲಿ ಸುತ್ತಿ, ತೊಳೆದು ತರುತ್ತೇನೆಂದು ಸೈಕಲ್ ಹತ್ತಿದ. "ಬರ್ತೀನಿ ಅಣ್ಣ, ಬೇಜಾರು ಮಾಡ್ಕೋಬೇಡಿ. ನಾನೂ ಮೊದ್ಲು ಆರು ಬೀಳಿಸಿದೀನಿ" ಎಂದು ಏರಿಯ ಮೇಲೆ ಮರೆಯಾದ. ಗಂಡಹೆಂಡತಿ ಊರ ಕಡೆಗೆ ಹೊರಟರು. ಕೆರೆಯಂಗಳ ದಾಟಿ ಬೇಲಿಯ ಹಾದಿಗೆ ಬಂದರು.

"ನಿಲ್ಲಿಸೋಕೆ ಹೋದೆ, ಅಲ್ವಾ?" ಎಂದಳು ಅವಳು.

"ಕೈ ತಪ್ತು."

"ನಿನ್ನ ಕೈ ತಪ್ಪೋದಿಲ್ಲ." ಅವಳು ರೆಕ್ಕೆಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು. "ಅವತ್ತು ಆ ಹುಡುಗನ ಕೈ ನಡುಗ್ತೈತೆ ಅಂದ್ಯಲ್ಲ, ಅವತ್ತೂ ನಾನು ಹಿಂದೇನೇ ನಿಂತಿದ್ದೆ."

ಅವನು ಪಕ್ಕಕ್ಕೆ ನೋಡಿದ. ಬೇಲಿಯ ಮೇಲೆ ಯಾರದೋ ಸೀರೆ ಒಣಗುತ್ತಿತ್ತು. ಐದು ವರ್ಷ, ಎಣ್ಣೆ ಸೋಸುವಾಗಲೆಲ್ಲ, ಊಟಕ್ಕಿಕ್ಕುವಾಗಲೆಲ್ಲ ಅವಳಿಗೆ ಆ ಸುಳ್ಳು ಗೊತ್ತಿತ್ತು. ಗೊತ್ತಿದ್ದೂ ಸೋಸಿ ಕೊಟ್ಟಿದ್ದಳು.

"ಐದು ವರ್ಷ ಅಲ್ಲಿ ನಿಂತು ನಿನ್ನ ಬೆನ್ನೇ ನೋಡಿದ್ದು" ಎಂದಳು ಅವಳು. "ಇವತ್ತು ನೀನು ಪ್ಲೇನು ನೋಡೋದು ಬಿಟ್ಟು ನಮ್ಮ ಕಡೆ ತಿರುಗಿದೆ. ಮುಖ ಕಾಣಿಸ್ತು."

ಕೇಳಬಾರದೆಂದು ಅವನಿಗೆ ಗೊತ್ತಿತ್ತು. ಆದರೂ ಕೇಳಿದ. "ಹೆಂಗಿತ್ತು?"

ಅವಳಲ್ಲಿ ಸಿಟ್ಟಿರಲಿಲ್ಲ, ಈ ಸಲದ ಎಣ್ಣೆಗಿಂತ ಹೋದ ಸಲದ್ದು ತಿಳಿಯಾಗಿತ್ತು ಎಂದು ಹೇಳುವಾಗಿನ ದನಿಯೇ.

"ಬೆನ್ನೇ ವಾಸಿ ಇತ್ತು" ಎಂದಳು.

ಹೇಳಿ ನಡೆಯುತ್ತಲೇ ಇದ್ದಳು. ಆಂಜಿನಪ್ಪ ಅಲ್ಲೇ ನಿಂತ. ಅವನು ಮತ್ತೆ ಹೆಜ್ಜೆ ಎತ್ತಿದಾಗ ಅವಳು ಸಾಕಷ್ಟು ಮುಂದೆ ಹೋಗಿದ್ದಳು, ಕಂಕುಳಿನ ಹಳದಿ ರೆಕ್ಕೆ ಹಿಂದಕ್ಕೆ ಚಾಚಿಕೊಂಡಿತ್ತು. ಓಡಿ ಹೋಗಿ ಜೊತೆ ಸೇರಬಹುದಿತ್ತು, ಸೇರಲಿಲ್ಲ. ಕೊರಳಲ್ಲಿ ಪೆಟ್ಟಿಗೆ ತೂಗಾಡಿಸಿಕೊಂಡು ಅವಳ ಹಿಂದೆಯೇ ನಡೆಯುತ್ತ, ಅವಳ ಹೆಗಲನ್ನು ನೋಡಿದ. ಈಗ ಏನು ಮಾಡುತ್ತಾಳೆ, ಮನೆಗೆ ಹೋಗಿ ಮಾತಾಡುತ್ತಾಳೋ ಇಲ್ಲವೋ, ಬರುವ ಭಾನುವಾರ ಎಣ್ಣೆ ಸೋಸುತ್ತಾಳೋ ಇಲ್ಲವೋ, ಆ ಬೆನ್ನಿನಲ್ಲಿ ಎಲ್ಲಾದರೂ ಬರೆದಿರಬೇಕು ಎಂದು ಮನೆಯ ಬಾಗಿಲವರೆಗೂ ನೋಡಿದ. ಅವನಿಗೆ ಏನೂ ತಿಳಿಯಲಿಲ್ಲ.